ಪರದೆಯ ಮೇಲಿನ ಬೆವರು

ಬ್ಯಾಸ್ಕೆಟ್‌ಬಾಲನ್ನು ವಿಡಿಯೋ ಗೇಮಿನ ಪರದೆಗೆ ಇಳಿಸುವುದು ಸುಲಭದ ಕೆಲಸವಲ್ಲ. ಫುಟ್‌ಬಾಲಿನಲ್ಲಿ ಚೆಂಡು ಹೆಚ್ಚು ಹೊತ್ತು ನೆಲದ ಮೇಲೇ ಉರುಳುತ್ತದೆ. ಇಲ್ಲಿ ಅದು ಪುಟಿಯಬೇಕು, ಹಾರಬೇಕು, ಹತ್ತಡಿ ಎತ್ತರದ ಬಳೆಯೊಳಗೆ ಬೀಳಬೇಕು. ಪರದೆಗೋ ಉದ್ದ, ಅಗಲ ಎರಡೇ. ಚೆಂಡು ಮೇಲೇರಿತೋ, ದೂರ ಹೋಯಿತೋ ಎಂಬುದು ನೋಡುವವನಿಗೆ ತಿಳಿಯುವುದು ಹೇಗೆ?

ಉಪಾಯ ಸರಳ. ಚೆಂಡಿನ ಅಡಿಯಲ್ಲಿ ಒಂದು ಕಪ್ಪು ನೆರಳಿಟ್ಟರಾಯಿತು. ನೆರಳನ್ನು ಬಿಟ್ಟು ಚೆಂಡು ಮೇಲೆ ಸರಿದರೆ ಎತ್ತರ. ಎರಡೂ ಜೊತೆಯಾಗಿ ಸರಿದರೆ ದೂರ. ನಮ್ಮ ಕಣ್ಣು ಇಷ್ಟಕ್ಕೇ ಮರುಳಾಗುತ್ತದೆ.

ಅಟಾರಿ ಕಂಪೆನಿಯ 1978ರ ಆಟ ಓಡುತ್ತಿದ್ದ ಯಂತ್ರದ ತಾತ್ಕಾಲಿಕ ಸ್ಮೃತಿ ಕೇವಲ 128 ಬೈಟು. ಅಂದರೆ ಇಂಗ್ಲಿಷಿನ 128 ಅಕ್ಷರಗಳನ್ನು ಹಿಡಿಸುವಷ್ಟು ಜಾಗ! ಅಂಥದ್ದರಲ್ಲೂ ಅಂಗಳವನ್ನು ಆಯತವಾಗಿ ಬಿಡಿಸದೆ ತ್ರಾಪಿಜ್ಯವಾಗಿ ಬಿಡಿಸಿ ಆಳದ ಭ್ರಮೆ ತಂದಿದ್ದರು. 1983ರಲ್ಲಿ ಜೂಲಿಯಸ್ ಎರ್ವಿಂಗ್ ಮತ್ತು ಲ್ಯಾರಿ ಬರ್ಡ್ ಎದುರುಬದುರಾದ ಆಟದಲ್ಲಿ ಹಲಗೆಯ ಗಾಜು ಒಡೆದರೆ ಪೊರಕೆ ಹಿಡಿದ ಜಾಡಮಾಲಿಯೊಬ್ಬ ಗೊಣಗುತ್ತ ಬಂದು ಗುಡಿಸಿ ಹೋಗುತ್ತಿದ್ದ. ಆಟಕ್ಕೆ ಅವನಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಆದರೂ ಆಟ ನೆನಪಿನಲ್ಲಿ ಉಳಿಯುವುದಕ್ಕೆ ಅವನೇ ಕಾರಣ.

1993ರ ‘ಎನ್‌ಬಿಎ ಜ್ಯಾಮ್’ ಚಿತ್ರ ಬಿಡಿಸುವುದನ್ನೇ ಬಿಟ್ಟಿತು. ಯಾರೋ ಆಟಗಾರರನ್ನು ಕ್ಯಾಮೆರಾದ ಮುಂದೆ ಕುಣಿಸಿ, ಆ ದೇಹಗಳಿಗೆ ತಾರೆಗಳ ತಲೆ ಅಂಟಿಸಲಾಯಿತು. ಗಣಪತಿಯ ಕಥೆ ಬಲ್ಲವರಿಗೆ ಇದೇನೂ ಹೊಸದಲ್ಲ ಬಿಡಿ. ಮೈಕೆಲ್ ಜೋರ್ಡನ್‌ನ ತಲೆ ಮಾತ್ರ ಅಲ್ಲಿರಲಿಲ್ಲ. ತನ್ನ ರೂಪದ ಹಕ್ಕನ್ನು ಆತ ಆಟಗಾರರ ಸಂಘದ ಒಪ್ಪಂದದಿಂದ ಹೊರಗಿಟ್ಟುಕೊಂಡಿದ್ದ.

2005ರ ಸುಮಾರಿಗೆ ಹೊಸ ಯಂತ್ರಗಳು ಬಂದವು, ಆಟಗಾರರು ಬೆವರತೊಡಗಿದರು. ಒಣ ಚರ್ಮ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಒದ್ದೆ ಚರ್ಮ ಕನ್ನಡಿಯಂತೆ ಒಂದೇ ಕಡೆ ಹೊಳೆಯಿಸುತ್ತದೆ. ಲೆಕ್ಕ ಇಷ್ಟೇ. ಆದರೆ ಕೈ ಮಿಕ್ಕಿತೆಂದರೆ ಮನುಷ್ಯ ಎಣ್ಣೆ ಹಚ್ಚಿದ ಪ್ಲಾಸ್ಟಿಕ್ ಗೊಂಬೆಯಾಗುತ್ತಾನೆ. ಆರಂಭದ ಆಟಗಳಲ್ಲಿ ಆದದ್ದೂ ಅದೇ.

ಚರ್ಮ ನಿಜವಾದಂತೆ ಅದರ ಮೇಲಿನ ಹಚ್ಚೆಯೂ ನಿಜವಾಗಬೇಕಾಯಿತು. ತಕರಾರು ಹುಟ್ಟಿದ್ದೇ ಅಲ್ಲಿ. ಲೆಬ್ರಾನ್ ಜೇಮ್ಸ್ ಮುಂತಾದವರ ಹಚ್ಚೆಗಳ ಹಕ್ಕು ತನ್ನದೆಂದು ಒಂದು ಸಂಸ್ಥೆ 2016ರಲ್ಲಿ ‘ಎನ್‌ಬಿಎ 2ಕೆ’ ತಯಾರಕರ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಹಚ್ಚೆ ಹಾಕಿದವನ ಚಿತ್ರ ಅವನದೇ ಸ್ವತ್ತಾದರೆ, ಅದನ್ನು ಹೊತ್ತ ತೋಳು ಯಾರದು? ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದ ನಮ್ಮ ಕೊರವಂಜಿ ಈ ಮಾತು ಕೇಳಿದ್ದರೆ ನಕ್ಕುಬಿಡುತ್ತಿದ್ದಳು. ನ್ಯಾಯಾಲಯ ನಗಲಿಲ್ಲ, ಅಳೆದು ನೋಡಿತು. ಪರದೆಯಲ್ಲಿ ಆ ಹಚ್ಚೆಗಳು ನಿಜಗಾತ್ರದ ಶೇಕಡಾ 4.4ರಿಂದ 11ರಷ್ಟು ಮಾತ್ರ ಎಂದು ಗುರುತಿಸಿತು. ಹಾಕಿಸಿಕೊಂಡವನು ಅದನ್ನು ತನ್ನ ರೂಪದ ಭಾಗವಾಗಿ ಎಲ್ಲಿ ಬೇಕಾದರೂ ತೋರಿಸಬಹುದೆಂಬ ಅನುಮತಿ ಹಚ್ಚೆಯ ಜೊತೆಗೇ ಬಂದಿರುತ್ತದೆಂದು 2020ರ ಮಾರ್ಚಿಯಲ್ಲಿ ತೀರ್ಪಿತ್ತಿತು. ಒಹಾಯೋದಲ್ಲಿ ಹಚ್ಚೆ ಕಲಾವಿದನೊಬ್ಬ ಹೂಡಿದ ಬೇರೊಂದು ಮೊಕದ್ದಮೆಯಲ್ಲಿ 2024ರಲ್ಲಿ ಜ್ಯೂರಿ ಕೂಡ ಆಟದ ತಯಾರಕರ ಪರವಾಗಿಯೇ ನಿಂತಿತು.