ಹುಲ್ಲು ಕೂರಿಸಿದ ದಿಬ್ಬ

ನಡೆಯುತ್ತಿದ್ದ ಗಿರಣಿ ಬಿಟ್ಟು ಟೇಪು ಹಿಡಿದುಕೊಂಡು ಹೊಲ ಸುತ್ತಲು ಹೋದವಳು ಅಂತ ನಮ್ಮ ಬಳಗದಲ್ಲಿ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಬಿಟ್ಟದ್ದಾದರೂ ಎಂಥ ಹೊತ್ತಿನಲ್ಲಿ? 2020ರ ಬೇಸಿಗೆಯಲ್ಲಿ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತ್ತು. ಹೋಟೆಲು, ಬಟ್ಟೆ ಅಂಗಡಿ, ಕಟಿಂಗ್ ಶಾಪು ಎಲ್ಲ ಬಂದ್. ಹಿಟ್ಟಿನ ಗಿರಣಿ ಮಾತ್ರ ಬಂದ್ ಆಗಲಿಲ್ಲ. ರೊಟ್ಟಿ ಇಲ್ಲದೆ ಕೊಪ್ಪಳ ಸೀಮೆಯಲ್ಲಿ ಯಾರ ಹೊತ್ತೂ ಕಳೆಯುವುದಿಲ್ಲ. ಬೆಂಗಳೂರು, ಮಂಗಳೂರು, ಗೋವಾ ಅಂತ ದುಡಿಯಲು ಹೋದವರು ಮಕ್ಕಳುಮರಿ ಕಟ್ಟಿಕೊಂಡು ಊರಿಗೆ ಬರತೊಡಗಿದ್ದರು. ಮನೆಮನೆಯಲ್ಲೂ ಉಣ್ಣುವ ಬಾಯಿ ಹೆಚ್ಚಾಗಿ, ಜೋಳದ ಡಬ್ಬಿಗಳ ಸಾಲು ನಮ್ಮ ಗಿರಣಿಯ ಕಟ್ಟೆ ಇಳಿದು ಬೀದಿಗೆ ಬಂದಿತ್ತು.

ಗಿರಣಿ ನನ್ನದೇ. ಮಾವನವರು ತೀರಿಕೊಂಡ ಮೇಲೆ ಹಳೆಯ ಕಲ್ಲು, ಹಳೆಯ ಮೋಟರು ನನ್ನ ಕೈಗೆ ಬಂದವು. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿ ತೆಗೆದು ಪಕ್ಕದಲ್ಲಿ ಖಾರ ಕುಟ್ಟುವ ಯಂತ್ರವನ್ನೂ ಕೂರಿಸಿದ್ದೆ. ಸಾಲ ತೀರಿತ್ತು. ಯಾರ ಹಂಗೂ ಇರಲಿಲ್ಲ. ಆದರೆ ನಾನು ಓದಿದ್ದು ಸಿವಿಲ್ ಡಿಪ್ಲೊಮಾ. ಸರ್ವೇ, ಎಸ್ಟಿಮೇಟು, ಡ್ರಾಯಿಂಗು ಅಂತ ಮೂರು ವರ್ಷ ಪಾಲಿಟೆಕ್ನಿಕ್‌ನಲ್ಲಿ ಕಲಿತದ್ದಕ್ಕೆ ಉಳಿದಿದ್ದ ಸಾಕ್ಷಿ ಒಂದು ಮಿನಿ ಡ್ರಾಫ್ಟರ್. ಅದು ಗಿರಣಿಯ ಗೋಡೆಯ ಮೊಳೆಗೆ ನೇತಾಡುತ್ತ ಹಿಟ್ಟು ತಿನ್ನುತ್ತಿತ್ತು. ಅತ್ತೆ ಅದರ ಮೇಲೆ ಹಿಟ್ಟಿನ ಚೀಲ ಒಣಹಾಕುತ್ತಿದ್ದರು.

ಇನ್ನೊಂದು ಹೇಳಬೇಕು. ಅದಕ್ಕೂ ಮುಂಚೆ ಒಂದು ವರ್ಷ ಗಿರಣಿಯ ಮುಂದೆ ಗಟಾರ ಕಟ್ಟುತ್ತಿದ್ದರು. ಇಳಿಜಾರು ಉಲ್ಟಾ ಬೀಳುತ್ತಿರುವುದು ನನಗೆ ಹಾಸುಗಲ್ಲ ಮೇಲೆ ಕೂತಲ್ಲಿಂದಲೇ ಕಾಣುತ್ತಿತ್ತು. ಎದ್ದು ಹೋಗಿ ಹೇಳಿದೆ. ಮೇಸ್ತ್ರಿ ನಕ್ಕ. "ಅಕ್ಕಾರ, ನೀವು ಹಿಟ್ಟು ನೋಡ್ಕೋರಿ" ಅಂದ. ಮೊದಲ ಮಳೆಗೇ ಗಟಾರದ ನೀರು ಹಿಂದಕ್ಕೆ ಹರಿದು ಗಿರಣಿಯ ಹೊಸ್ತಿಲು ಮುಟ್ಟಿತು.

ಹಾಗಾಗಿ ಉದ್ಯೋಗ ಖಾತ್ರಿಗೆ ತಾಂತ್ರಿಕ ಸಹಾಯಕರು ಬೇಕಾಗಿದ್ದಾರೆ, ಹೊರಗುತ್ತಿಗೆ, ಮುಂದಿನ ಮಾರ್ಚ್ ಕೊನೆಯವರೆಗೆ ಮಾತ್ರ ಅಂತ ಗೊತ್ತಾದಾಗ ನಾನು ದುಡ್ಡಿನ ಲೆಕ್ಕ ಹಾಕಲಿಲ್ಲ. ಹಾಕಿದ್ದರೆ ಹೋಗುತ್ತಿರಲಿಲ್ಲ. ಲೆಕ್ಕ ಹಾಕಿದವರು ನಮ್ಮನೆಯವರು; ಪಗಾರ ಕೇಳಿ, ಗಿರಣಿಯ ಗಳಿಕೆಗೆ ಹೋಲಿಸಿ, ಏನೂ ಹೇಳದೆ ಟ್ರ್ಯಾಕ್ಟರ್ ತೊಳೆಯಲು ಹೋದರು. ಅತ್ತೆ ಸುಮ್ಮನಿರಲಿಲ್ಲ.

"ಮಾರ್ಚಿಗೆ ಮುಗಿತೈತಂತಲ್ಲ ಯವ್ವಾ, ಆಮ್ಯಾಲ ಏನ್ ಮಾಡಾಕಿ?"

"ಆಮ್ಯಾಲ ಗಿರಣಿ ಐತಲ್ರೀ ಅತ್ತಿ."

"ಗಿರಣಿ ಇರತೈತಿ. ಗಿರಾಕಿ ಇರಬೇಕಲ್ಲ."

ಗಿರಣಿಯಲ್ಲಿ ಕೂರಲು ನೆಗೆಣ್ಣಿ ಒಪ್ಪಿಕೊಂಡಳು. ಬೆಂಗಳೂರಿನ ಗಾರ್ಮೆಂಟ್ಸ್ ಬಾಗಿಲು ಹಾಕಿದ್ದರಿಂದ ಅವಳೂ ಊರು ಸೇರಿದ್ದಳು. "ನಾ ಕುಂದರ್ತೀನಿ ತಗೋ ಅಕ್ಕಾ, ನೀ ಹೋಗು" ಅಂದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆ ವರ್ಷ ಖಾತ್ರಿ ಕೆಲಸಕ್ಕೆ ಜನವೋ ಜನ. ಏಪ್ರಿಲ್ 20ರಿಂದ ಕೆಲಸ ನಡೆಸಲು ಅನುಮತಿ ಸಿಕ್ಕಿತ್ತು. ಮೊದಲ ಆದ್ಯತೆ ನೀರಿನ ಕೆಲಸಗಳಿಗೆ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಯೋಜನೆಗೆ ಇನ್ನೂ 40,000 ಕೋಟಿ ರೂಪಾಯಿ ಘೋಷಿಸಿತು. ನಮ್ಮ ರಾಜ್ಯದಲ್ಲಿ ದಿನಗೂಲಿ 249 ಇದ್ದದ್ದು 275ಕ್ಕೆ ಏರಿತ್ತು. ಬಿಸಿಲು ಏರುವ ಮುಂಚೆ ಕೆಲಸ ಮುಗಿಯಲಿ ಅಂತ ಇನ್ನೂ ನಸುಕಿರುವಾಗಲೇ ಬುತ್ತಿ ಕಟ್ಟಿಕೊಂಡು, ಮೂಗಿಗೆ ಟವೆಲ್ಲೋ ಸೆರಗೋ ಸುತ್ತಿಕೊಂಡು ಹೊಲದ ಕಡೆ ಸಾಲು ಹೊರಡುತ್ತಿತ್ತು. ಆ ಸಾಲಿನಲ್ಲಿ ಅರ್ಧ ಜನ ನನ್ನ ಗಿರಾಕಿಗಳೇ.

ಕೆಲಸ ಬದುವಿನದು. ಹೊಲದಂಚಿಗೆ ಗುಂಡಿ ತೋಡಿ, ಅದೇ ಮಣ್ಣನ್ನು ಬದುವಿಗೆ ಏರಿಸುವುದು. ಮಳೆಯ ನೀರು ಓಡಿಹೋಗದೆ ಗುಂಡಿಯಲ್ಲಿ ನಿಂತು ಇಂಗುತ್ತದೆ. ದಿನಗೂಲಿ 275 ಅಂತ ಕೇಳುವುದಕ್ಕೆ ಸರಳವಾಗಿತ್ತು. ಆದರೆ ಕೈಗೆ ಬರುತ್ತಿದ್ದದ್ದು ತೋಡಿದ ಮಣ್ಣಿನ ಲೆಕ್ಕದ ಮೇಲೆ. ನಾವು ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳ ಅಂತ ಸುಣ್ಣದಲ್ಲಿ ಗುರುತು ಹಾಕುತ್ತಿದ್ದೆವು. ಅಷ್ಟಾದರೆ ನೂರು ಘನ ಅಡಿ. ಉಸುಕು, ಖಡಿ ಹೊಡೆಯುವವರ ಬಾಯಲ್ಲಿ ಒಂದು ಬ್ರಾಸ್, ನಮ್ಮ ಅಳತೆ ಪುಸ್ತಕದಲ್ಲಿ 2.83 ಘನ ಮೀಟರ್. ಒಂದಡಿ ಆಳದ ಬದಲು ಎಂಟು ಇಂಚು ಬಂತು ಅನ್ನಿ, ಆಗ 275 ಹೋಗಿ 183ಕ್ಕೆ ಇಳಿಯುತ್ತಿತ್ತು. ಆ ನಾಲ್ಕು ಇಂಚಿನ ಜಗಳವೇ ನನ್ನ ನೌಕರಿಯಾಗಿತ್ತು.

ಗುಂಡಿ ತೋಡಿದ ಮೇಲೆ ಮೊದಲಿನ ನೆಲ ಎಲ್ಲಿತ್ತು ಅಂತ ತಿಳಿಯುವುದು ಹೇಗೆ? ಅದಕ್ಕೇ ನಡುವೆ ಒಂದು ಸಣ್ಣ ದಿಬ್ಬವನ್ನು ತೋಡದೆ ಹಾಗೇ ಬಿಡಿಸುತ್ತಾರೆ. ಅದರ ನೆತ್ತಿಯ ಮೇಲೆ ಹಳೆಯ ನೆಲದ ಹುಲ್ಲು ಇರಬೇಕು. ನೆತ್ತಿಯಿಂದ ಗುಂಡಿಯ ತಳಕ್ಕೆ ಟೇಪು ಹಿಡಿದರೆ ಆಳ ಸಿಕ್ಕಿತು. ಆಳ ಹೆಚ್ಚು ತೋರಬೇಕಾದರೆ ದಿಬ್ಬದ ಮೇಲೆ ಒಂದಿಷ್ಟು ಮಣ್ಣು ಮೆತ್ತಿ, ಬೇರೆ ಕಡೆಯ ಹುಲ್ಲಿನ ಹೆಂಟೆ ತಂದು ಕೂರಿಸಿಬಿಟ್ಟರಾಯಿತು. ನಮಗೆ ಎಸ್ಟಿಮೇಟು ಕಲಿಸಿದ ಮೇಷ್ಟ್ರು ಇದನ್ನು ಹೇಳಿ, "ಹುಲ್ಲನ್ನ ನಂಬಬ್ಯಾಡ್ರಿ, ಹಿಡಿದು ಜಗ್ಗಿ ನೋಡ್ರಿ" ಅಂದಿದ್ದರು. ಪುಸ್ತಕದಲ್ಲಿ ಓದಿದ್ದೆಲ್ಲ ಮರೆತಿತ್ತು, ಇದೊಂದು ಮಾತು ಎಲ್ಲಿ ಕೂತಿತ್ತೋ.

ಒಂದು ದಿನ ಮಸಾರಿ ಹೊಲದಲ್ಲಿ ಅಳತೆ. ಗುಂಡಿಗಳೆಲ್ಲ ಸರಿಯಾಗಿ ಒಂದಡಿ, ಒಂದು ಇಂಚು ಹೆಚ್ಚೇ. ಹಿಂದಿನ ವಾರ ಇದೇ ಜನ ಇದೇ ಹೊಲದಲ್ಲಿ ಎಂಟು ಇಂಚಿನ ಮೇಲೆ ಹೋಗಿರಲಿಲ್ಲ. ಒಂದು ದಿಬ್ಬದ ಹತ್ತಿರ ಕೂತು ಹುಲ್ಲು ಹಿಡಿದು ಜಗ್ಗಿದೆ. ಟೋಪಿ ತೆಗೆದ ಹಾಗೆ ಮೇಲಿನದಷ್ಟೂ ಕೈಗೆ ಬಂತು. ಕೆಳಗೆ ಹಸಿ ಮಣ್ಣು, ಅದರಲ್ಲಿ ಬೆರಳಿನ ಗುರುತು ಇನ್ನೂ ಇತ್ತು. ಪಕ್ಕದ ದಿಬ್ಬವೂ ಹಾಗೇ, ಅದರಾಚೆಯದೂ. ಹುಡುಗರು ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ಇಂಜಿನಿಯರ್ ಆಗಿ ನಾನು ಹಿಡಿದ ಮೊದಲ ಕಳ್ಳತನ. ಒಳಗೊಳಗೇ ಬೀಗಿದೆ ಅಂದರೂ ತಪ್ಪಿಲ್ಲ.

ನಗದೆ ಕೂತವಳು ಒಬ್ಬಳು ಮುದುಕಿ. ವಾರಕ್ಕೊಮ್ಮೆ ಜೋಳ ಹಾಕಿಸಲು ಬರುತ್ತಿದ್ದವಳು, ಉದ್ರಿ ಎಂದೂ ಉಳಿಸಿಕೊಂಡವಳಲ್ಲ.

"ಹುಲ್ಲು ಕೀಳೋದು ಚಲೋ ಕಲ್ತೀರಿ ಅಕ್ಕಾರ. ಈಗ ಈ ಗುದ್ದಲಿ ಹಿಡೀರಿ. ತಳಕ್ಕ ಒಂದ್ ಏಟು ಹಾಕ್ರಿ."

ಹಾಕಿದೆ. ಗುದ್ದಲಿ ಟಣ್ ಅಂತ ಎಗರಿ ನನ್ನ ಮೊಣಕೈವರೆಗೆ ಜುಮ್ಮೆಂದಿತು. ಇನ್ನೊಂದು ಹಾಕಿದೆ; ಹೆಬ್ಬೆರಳಿನಷ್ಟು ಚೂರು ಎದ್ದಿತು. ಮೇಲೆ ತೆಳ್ಳಗೆ ಮಸಾರಿ, ಅದರ ಕೆಳಗೆ ಇಟ್ಟಿಗೆಯಂತೆ ಗಟ್ಟಿಯಾದ ಗರಸು. ಕೂತು ಎಸ್ಟಿಮೇಟ್ ತೆಗೆದು ನೋಡಿದೆ. ಅದರಲ್ಲಿ ಇಡೀ ಹೊಲಕ್ಕೆ ಬರೆದದ್ದು 'ಸಾಧಾರಣ ಮಣ್ಣು'. ಅದು ನಾನು ಸೇರುವ ಮುಂಚೆ ತಯಾರಾದದ್ದು. ಬರೆದವರು ಮೇಲಿನ ಮಸಾರಿ ನೋಡಿ ಬರೆದಿರಬೇಕು, ಅಥವಾ ಪಕ್ಕದ ಹೊಲದ ಎಸ್ಟಿಮೇಟನ್ನೇ ಇಳಿಸಿರಬೇಕು.

ದರಪಟ್ಟಿಯಲ್ಲಿ ಮಣ್ಣಿಗೆಲ್ಲ ಒಂದೇ ದರ ಇರುವುದಿಲ್ಲ. ಮೆತ್ತನೆಯ ಮಣ್ಣಿಗೆ ಒಂದು, ಗಟ್ಟಿ ಮಣ್ಣಿಗೆ ಬೇರೆ, ಬಂಡೆಗೆ ಇನ್ನೂ ಬೇರೆ. ಗಟ್ಟಿ ಮಣ್ಣು ಅಂತ ಬರೆದರೆ ಕಡಿಮೆ ತೋಡಿದರೂ ಪೂರ್ತಿ ಕೂಲಿ ಬೀಳುತ್ತದೆ. ಈ ಜನ ಎರಡು ವಾರದಿಂದ ಗರಸು ಕಡಿದು ಮಸಾರಿಯ ಕೂಲಿ ತೆಗೆದುಕೊಳ್ಳುತ್ತಿದ್ದರು. ಹುಲ್ಲು ಕೂರಿಸದೆ ಇನ್ನೇನು ಮಾಡಿಯಾರು?

ಆದರೂ ಸುಳ್ಳು ದಿಬ್ಬದ ಅಳತೆ ನಾನು ಬರೆಯಲಿಲ್ಲ. ಮೆತ್ತಿದ ಮಣ್ಣನ್ನೆಲ್ಲ ಅವರ ಕೈಯಿಂದಲೇ ತೆಗೆಸಿ, ಉಳಿದ ಆಳ ಹಿಡಿದೆ. ಗುಂಡಿಯ ಗೋಡೆಗೆ ಟೇಪು ಇಳಿಬಿಟ್ಟು, ಮಸಾರಿ ಎಲ್ಲಿ ಮುಗಿದು ಗರಸು ಎಲ್ಲಿ ಶುರುವಾಗುತ್ತದೆ ಅಂತ ಕಾಣುವ ಹಾಗೆ ಫೋಟೊ ತೆಗೆದೆ. ಇಲಾಖೆಯ ಇಂಜಿನಿಯರನ್ನು ಹೊಲಕ್ಕೇ ಕರೆತರಲು ಒಂದಿಷ್ಟು ಓಡಾಟವಾಯಿತು. ಬಂದವರ ಕೈಗೆ ನಾನು ಏನೂ ವಿವರಿಸದೆ ಗುದ್ದಲಿ ಕೊಟ್ಟೆ. ಒಳ್ಳೆಯ ಮನುಷ್ಯ, ಬೇಡ ಅನ್ನಲಿಲ್ಲ. ಎರಡು ಏಟು ಹಾಕಿ ಕೈ ಉಜ್ಜಿಕೊಂಡು, "ಎಸ್ಟಿಮೇಟ್ ರಿವೈಸ್ ಮಾಡ್ರಿ ಮೇಡಂ" ಅಂದರು. ಮುಂದಿನ ಪಾವತಿಯಲ್ಲಿ ಕೂಲಿ 275ರ ಸಮೀಪಕ್ಕೆ ಬಂತು. ಅಳೆದು ಮುಗಿದ ವಾರದ ಕೂಲಿ ಮಾತ್ರ ಬದಲಾಗಲಿಲ್ಲ; ಬಿಲ್ಲು ಹೋಗಿಬಿಟ್ಟಿತ್ತು. ಮುದುಕಿ ಅದನ್ನು ನನಗೆ ಎಷ್ಟು ಸಲ ನೆನಪಿಸಿದಳೋ ಲೆಕ್ಕವಿಲ್ಲ.

ಅಳತೆ ಪುಸ್ತಕದ ಬಗ್ಗೆ ಒಂದು ಮಾತು. ನಾವದಕ್ಕೆ ಎಂ.ಬಿ. ಅನ್ನುತ್ತೇವೆ. ಪುಟಕ್ಕೆ ನಂಬರು ಮೊದಲೇ ಅಚ್ಚಾಗಿರುತ್ತದೆ, ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ, ತಪ್ಪಾದರೆ ಓದುವ ಹಾಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಗಿರಣಿಯ ಉದ್ರಿ ನೋಟುಬುಕ್ಕಿನಲ್ಲಿ ಹೊಡೆದು ತಿದ್ದಿ ಬರೆದು ರೂಢಿಯಾದ ಕೈ ಅದು. ಎಂ.ಬಿ. ಮುಂದೆ ಕೂತಾಗ ಪೆನ್ನಿನ ಮುಚ್ಚಳ ತೆಗೆಯುವ ಮುಂಚೆ ಲೆಕ್ಕ ಎರಡು ಸಲ ಹಾಕುತ್ತಿದ್ದೆ. ಪಗಾರ ತಿಂಗಳುಗಟ್ಟಲೆ ತಡವಾಗುತ್ತಿತ್ತು, ಪೆಟ್ರೋಲು ಸ್ವಂತದ್ದು, ಬಿಸಿಲಿಗೆ ಮುಖ ಕರ್ರಗಾಗಿ ತವರಿನವರು ಗುರುತು ಹಿಡಿಯಲಿಲ್ಲ. ಆದರೂ ಸಂಜೆ ಆ ಪುಸ್ತಕ ಬರೆಯುವ ಹೊತ್ತು ನನಗೆ ಬೇಕಾಗಿತ್ತು.

ಮಾರ್ಚ್ ಬಂತು. ಆದೇಶದಲ್ಲಿ ಬರೆದ ಹಾಗೆ ಕೆಲಸ ಮುಗಿಯಿತು. ಪುಸ್ತಕಗಳನ್ನು ಪಟ್ಟಿ ಮಾಡಿ ಒಪ್ಪಿಸಿ, ಸಹಿ ತೆಗೆದುಕೊಂಡು ಮನೆಗೆ ಬಂದೆ. ಮರುದಿನ ಗಿರಣಿಗೆ ಹೋದರೆ ನನ್ನ ಜಾಗದಲ್ಲಿ ನೆಗೆಣ್ಣಿ. ಅವಳು ಹೊಸ ಬೆಲ್ಟು ಹಾಕಿಸಿದ್ದಳು, ಕಲ್ಲಿಗೆ ಉಳಿ ಹೊಡೆಸಿದ್ದಳು, ನಾನು ವರ್ಷಗಟ್ಟಲೆ ಕೇಳಲು ನಾಚಿದ ಹಳೆಯ ಉದ್ರಿಯನ್ನೆಲ್ಲ ವಸೂಲಿ ಮಾಡಿದ್ದಳು. ಗಾರ್ಮೆಂಟ್ಸ್ ತೆರೆದಿದೆಯಂತಲ್ಲ, ಹೋಗುವುದಿಲ್ಲವಾ ಅಂತ ಕೇಳಿದೆ.

"ನಾ ಎಲ್ಲಿ ಹೋಗ್ಲಿ ಅಕ್ಕಾ? ಹಿಟ್ಟು ನಾ ನೋಡ್ಕೋತೀನಿ, ಖಾರ ನೀ ನೋಡ್ಕೋ."

ಅತ್ತೆ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅನ್ನುವುದನ್ನು ಒಂದು ವರ್ಷ ಮುಂಚೆಯೇ ಅಂದಿದ್ದರಲ್ಲ.

ಈಗ ಮೆಣಸಿನಕಾಯಿ ಸೀಸನ್ನಿನಲ್ಲಿ ಖಾರದ ಯಂತ್ರ ನಡೆಸುತ್ತೇನೆ. ಉಳಿದ ದಿನ ಯಾರಾದರೂ ಮನೆ ಕಟ್ಟಿಸುವವರು ಪಾಯದ ಗುರುತು ಹಾಕಿಕೊಡಿ, ಎಸ್ಟಿಮೇಟ್ ಬರೆದುಕೊಡಿ ಅಂತ ಕರೆಯುತ್ತಾರೆ. ಗಟಾರದ ಮೇಸ್ತ್ರಿಯೂ ಒಂದು ಸಲ ಬಂದಿದ್ದ, ಮಗನ ಮನೆಗೆ. ಪುಕ್ಕಟೆ ಮಾಡುವುದಿಲ್ಲ, ಅವನ ಹತ್ತಿರವೂ ಪೂರ್ತಿ ದುಡ್ಡು ತೆಗೆದುಕೊಂಡೆ.