ಪಕ್ಕದ ಮನ್ಯಾಗ ಯಾರದಾರ?

ನನ್ನ ಲ್ಯಾಪ್‌ಟಾಪಿನಲ್ಲಿ ಇನ್ನೂ ಒಂದು ಎಕ್ಸೆಲ್ ಫೈಲ್ ಇದೆ. ಹೆಸರು ‘ಕಾರವಾರ ಮನೆ ಫೈನಲ್ 2’. ನಾವೆಲ್ಲ ಪ್ರಾಜೆಕ್ಟ್ ರಿಪೋರ್ಟಿಗೆ ಇಡ್ತೀವಲ್ಲ, ಅದೇ ಥರದ ಹೆಸರು. ಫೈನಲ್ ಅಂತ ಬರೆದದ್ದು ಯಾವತ್ತೂ ಫೈನಲ್ ಆಗಿರಲ್ಲ. ಇದೂ ಆಗಲಿಲ್ಲ.

ನಮ್ಮಪ್ಪ ನೌಕಾಪಡೆಯಲ್ಲಿದ್ದಾರೆ. ಊರು ಹಾವೇರಿ ಜಿಲ್ಲೆ. ಹೊಲ ಬಿಟ್ಟು ಸಮುದ್ರಕ್ಕೆ ಹೋದವರು ನಮ್ಮ ಮನೆತನದಲ್ಲಿ ಅವರೊಬ್ಬರೇ. ನಾನು ಹುಟ್ಟಿದ್ದು ಮುಂಬೈನಲ್ಲಿ, ಓದಿದ್ದು ಕೊಚ್ಚಿ ಮತ್ತು ವಿಶಾಖಪಟ್ಟಣದಲ್ಲಿ. ಹಾಸ್ಟೆಲ್‌ಗೆ ಬಂದ ಮೊದಲ ದಿನ ಎಲ್ಲರೂ "ಯಾವೂರು?" ಅಂತ ಕೇಳಿದಾಗ ನಾನು ಎರಡು ಸೆಕೆಂಡ್ ಯೋಚನೆ ಮಾಡಿದ್ದು ಅದಕ್ಕೇ. ಜಂಬ ಅಂತ ತಿಳಿದವರು ಈಗಲಾದ್ರೂ ಕ್ಷಮಿಸಿ.

2023ರ ಏಪ್ರಿಲ್‌ನಲ್ಲಿ ಅಪ್ಪನಿಗೆ ಕಾರವಾರಕ್ಕೆ ವರ್ಗ ಆಯಿತು. ಮನೆಯಲ್ಲಿ ಹಬ್ಬ. ಇಷ್ಟು ವರ್ಷದ ಮೇಲೆ ಕರ್ನಾಟಕ! ಅಂಗಡಿಯಲ್ಲಿ ಕನ್ನಡದಲ್ಲಿ ಮಾತಾಡಬಹುದು, ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದರೆ ಮನೆ. ಅವ್ವ ವಿಶಾಖಪಟ್ಟಣದಲ್ಲಿ ಡಬ್ಬ ಕಟ್ಟುವಾಗ ಹಾಡು ಹೇಳ್ಕೊಂಡು ಕಟ್ಟಿದಳು. ಅದಕ್ಕೂ ಮುಂಚಿನ ಯಾವ ವರ್ಗಾವಣೆಯಲ್ಲೂ ನಾನು ಅದನ್ನ ಕಂಡಿಲ್ಲ.

ಆಮೇಲೆ ಅಪ್ಪನ ಫೋನ್ ಬಂತು. ಕ್ವಾರ್ಟರ್ಸಿಗೆ ಸರದಿ ಇದೆ. ಸರದಿ ಬರೋವರೆಗೆ ಹೊರಗೆ ಬಾಡಿಗೆ ಮನೆ ನೋಡಬೇಕು.

ಇಲ್ಲಿ ಒಂದು ಲೆಕ್ಕ ಹೇಳ್ತೀನಿ. ಕೇಂದ್ರ ಸರ್ಕಾರದ ನೌಕರರಿಗೆ ಮನೆ ಬಾಡಿಗೆ ಭತ್ಯೆ ಊರಿನ ವರ್ಗದ ಮೇಲೆ ಸಿಗುತ್ತೆ. ವಿಶಾಖಪಟ್ಟಣ ‘ವೈ’ ವರ್ಗ, ಕಾರವಾರ ‘ಝಡ್’. 2023ರಲ್ಲಿ ವೈ ಊರಲ್ಲಿ ಮೂಲ ವೇತನದ ಶೇ. 18, ಝಡ್ ಊರಲ್ಲಿ ಶೇ. 9. ಅರ್ಧಕ್ಕರ್ಧ. ಆದರೆ ಮನೆ ಮಾಲೀಕರು ಎ ಟು ಝಡ್ ನೋಡಿ ಬಾಡಿಗೆ ಹೇಳಲ್ಲ.

ನಾನು ಹನ್ನೆರಡನೇ ಕ್ಲಾಸು ಮುಗಿಸಿ, ಸಿಇಟಿ ಬರೆದು ಖಾಲಿ ಕೂತಿದ್ದೆ. ಎಂಜಿನಿಯರಿಂಗ್ ಸೀಟು ಸಿಗೋಕೆ ಮುಂಚೇನೇ ಎಂಜಿನಿಯರ್ ಆಗಿಬಿಟ್ಟೆ. ಎಕ್ಸೆಲ್ ತೆಗೆದು ಪಟ್ಟಿ ಮಾಡಿದೆ. ಬಾಡಿಗೆಗೆ 30 ಅಂಕ, ನೌಕಾನೆಲೆಯ ಗೇಟಿಗೆ ದೂರ 25, ತಂಗಿಯ ಶಾಲೆ 15, ಸಂತೆ-ಅಂಗಡಿ 10, ನೀರು 10, ಮೊಬೈಲ್ ಸಿಗ್ನಲ್ 10. ಒಟ್ಟು ನೂರು. ಅವ್ವ-ತಂಗಿ ಹಾವೇರಿಯಲ್ಲಿ ಅಜ್ಜಿ ಮನೆಯಲ್ಲಿದ್ದರು. ನಾನೊಬ್ಬನೇ ಬಸ್ ಹತ್ತಿ ಅಪ್ಪನ ಹತ್ತಿರ ಹೋದೆ.

ಕಾರವಾರ ನೋಡದವರಿಗೆ: ಊರು ಒಂದು ಉದ್ದನೆಯ ದಾರದ ಹಾಗಿದೆ. ದಾರ ಅಂದರೆ ರಾಷ್ಟ್ರೀಯ ಹೆದ್ದಾರಿ 66. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಇರೋ ಪಟ್ಟಿಯಲ್ಲಿ ಊರುಗಳು. ಉತ್ತರದಲ್ಲಿ ಗೋವಾ ಗಡಿಯ ಮಾಜಾಳಿ, ಆಮೇಲೆ ಸದಾಶಿವಗಡ, ಕಾಳಿ ನದಿಯ ಸೇತುವೆ, ಕೋಡಿಬಾಗ, ಪೇಟೆ, ಬೈತಖೋಲ ಬಂದರು. ಅಲ್ಲಿಂದ ಗುಡ್ಡ ದಾಟಿದರೆ ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ, ಇನ್ನೂ ಕೆಳಗೆ ಅಂಕೋಲಾ. ನೌಕಾನೆಲೆ ಇರೋದು ಅರಗಾದಲ್ಲಿ. ಹೆಸರು ಐಎನ್‌ಎಸ್ ಕದಂಬ, ನಮ್ಮ ಬನವಾಸಿಯ ಕದಂಬರ ಹೆಸರೇ. ಮೆಕ್ಯಾನಿಕಲ್‌ನವರಿಗೆ ಒಂದು ಮಾತು: ಅಲ್ಲಿ ಹಡಗನ್ನ ನೀರಿನಿಂದ ನೇರ ಮೇಲಕ್ಕೆತ್ತಿ ದುರಸ್ತಿಗೆ ಒಯ್ಯುವ ಶಿಪ್‌ಲಿಫ್ಟ್ ಇದೆ, 10,000 ಟನ್ ಎತ್ತುತ್ತೆ. ಇದಕ್ಕಿಂತ ಜಾಸ್ತಿ ಅಪ್ಪ ನನಗೇ ಹೇಳಲ್ಲ.

ಮೇ ಬಿಸಿಲಲ್ಲಿ ಅಪ್ಪನ ಸ್ನೇಹಿತರ ಸ್ಕೂಟರ್ ತಗೊಂಡು ಎರಡು ದಿನ ಸುತ್ತಿದೆವು. ಕೋಡಿಬಾಗದಲ್ಲಿ ಪೇಟೆ, ಆಸ್ಪತ್ರೆ, ಮೀನು ಮಾರ್ಕೆಟ್ ಎಲ್ಲ ಹತ್ತಿರ. ಆದರೆ ನಮ್ಮ ಬಜೆಟ್ಟಿಗೆ ಸಿಕ್ಕಿದ್ದು ಮೂರನೇ ಮಹಡಿಯ ಎರಡು ಕೋಣೆ, ಕಿಟಕಿ ಸರಳು ಉಪ್ಪುಗಾಳಿಗೆ ತುಕ್ಕು ಹಿಡಿದು ಕೈಗೇ ಬರೋ ಹಾಗಿತ್ತು. ಅಂಕೋಲಾದಲ್ಲಿ ಬಾಡಿಗೆ ಅಗ್ಗ, ಆದರೆ ದಿನಾ ಅಷ್ಟು ದೂರ ಹೋಗಿ ಬರಬೇಕು. ಬಿಣಗಾದಲ್ಲಿ ನಮಗೆ ಬೇಕಾದ ಮನೆ ಖಾಲಿ ಇರಲಿಲ್ಲ. ತೋಡೂರಿನಲ್ಲಿ ಒಂದು ಮನೆ ಇತ್ತು, ಗೇಟಿಗೆ ಹತ್ತಿರ, ಆದರೆ ಏನು ಬೇಕಾದರೂ ಪೇಟೆಗೇ ಹೋಗಬೇಕು, ಸಿಗ್ನಲ್ ಒಂದೇ ಕಡ್ಡಿ. ಸದಾಶಿವಗಡದಲ್ಲಿ ಮಾತ್ರ ಸಿಕ್ಕಿತು ನೋಡಿ ಮನೆ! ಹಂಚಿನ ಮಾಡು, ಅಂಗಳ, ಸಿಹಿನೀರಿನ ಬಾವಿ, ಮೂರು ಕೋಣೆ, ಆರು ಸಾವಿರ ಬಾಡಿಗೆ. ಫುಲ್ ನಾಲ್ಕು ಕಡ್ಡಿ ಸಿಗ್ನಲ್. ಎಕ್ಸೆಲ್‌ನಲ್ಲಿ ಸದಾಶಿವಗಡಕ್ಕೆ 78, ತೋಡೂರಿಗೆ 61.

ಲಾಡ್ಜಿನಿಂದ ಅವ್ವನಿಗೆ ಫೋನ್ ಮಾಡಿ ಫಲಿತಾಂಶ ಘೋಷಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಪಕ್ಕದ ಮನ್ಯಾಗ ಯಾರದಾರ?"

"ಯಾರೂ ಇಲ್ಲ ಅವ್ವಾ, ಬೀಗ ಹಾಕೈತಿ. ಮುಂಬೈಯಾಗ ಇರ್ತಾರಂತ."

"ಆ ಕಡೆ?"

"ಅದೂ ಬೀಗನ. ಮಾಲೀಕ್ರೂ ಗೋವಾದಾಗ ಇರ್ತಾರ. ಏನ್ ಕಿರಿಕಿರಿನ ಇಲ್ಲ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಂದಳು: "ತಮ್ಮಾ, ನೀ ಇನ್ನ ಕಾಲೇಜಿಗೆ ಹೊಕ್ಕಿ. ನಿಮ್ಮಪ್ಪ ಹಡಗಿನ್ಯಾಗ ಇರ್ತಾನ. ರಾತ್ರಿ ಎರಡಕ್ಕ ಏನರ ಆದ್ರ ನಾ ಯಾರ ಬಾಗಲಾ ಬಡೀಲಿ?"

ಸ್ಪೀಕರ್ ಆನ್ ಇತ್ತು. ಅಪ್ಪ ಕಿಟಕಿ ಕಡೆ ನೋಡ್ತಾ ಕೂತರು. ನೂರು ಅಂಕದ ನನ್ನ ಪಟ್ಟಿಯಲ್ಲಿ ಈ ಪ್ರಶ್ನೆಗೆ ಒಂದಂಕವೂ ಇರಲಿಲ್ಲ. ಹಡಗು ಹೊರಟರೆ ಅಪ್ಪ ವಾರಗಟ್ಟಲೆ ಸಿಗಲ್ಲ. ಎಲ್ಲಿದ್ದಾರೆ, ಯಾವಾಗ ಬರ್ತಾರೆ ಅಂತ ನಮಗೂ ಹೇಳಲ್ಲ. ಮುಂಬೈ, ಕೊಚ್ಚಿ, ವಿಶಾಖಪಟ್ಟಣದಲ್ಲಿ ಕ್ವಾರ್ಟರ್ಸ್ ಇತ್ತು. ಎದುರು ಮನೆಯ ಪಂಜಾಬಿ ಆಂಟಿ, ಮೇಲಿನ ಮನೆಯ ಮಲಯಾಳಿ ಅಕ್ಕ, ಎಲ್ಲರ ಗಂಡಂದಿರೂ ಸಮುದ್ರದಲ್ಲೇ. ಹಾಗಾಗಿ ಈ ಪ್ರಶ್ನೆ ಹದಿನೆಂಟು ವರ್ಷ ಏಳಲೇ ಇಲ್ಲ. ಎದ್ದಿದ್ದರೂ ಅವ್ವ ನನಗೆ ಕೇಳಿಸಿರಲಿಲ್ಲ.

ಮರುದಿನ ಅವ್ವ ತಾನೇ ಬಂದಳು. ಅವಳ ವಿಧಾನ ಬೇರೆ. ಮನೆ ಒಳಗೆ ಐದು ನಿಮಿಷ, ಓಣಿಯಲ್ಲಿ ಅರ್ಧ ಗಂಟೆ. ಮಧ್ಯಾಹ್ನ ಮೂರಕ್ಕೆ ಯಾರ ಮನೆ ಬಾಗಿಲು ತೆರೆದಿರುತ್ತೆ, ಹೆಂಗಸರು ಎಲ್ಲಿ ಕೂರ್ತಾರೆ, ಮಕ್ಕಳು ಯಾರ ಅಂಗಳದಲ್ಲಿ ಆಡ್ತಾರೆ, ರಿಕ್ಷಾ ಯಾರ ಮನೆ ಮುಂದೆ ನಿಂತಿರುತ್ತೆ. ಹೀಗೆ ನೋಡ್ತಾ ನೋಡ್ತಾ 61 ಅಂಕದ ತೋಡೂರಿಗೆ ಬಂದು ನಿಂತಳು. ಒಂದೇ ಅಂಗಳಕ್ಕೆ ಎರಡು ಮನೆ. ಒಂದರಲ್ಲಿ ಮಾಲೀಕರಾದ ಅಜ್ಜಿ, ಅವರ ಮಗ-ಸೊಸೆ. ಇನ್ನೊಂದು ಖಾಲಿ. ಮಗನದ್ದು ಸ್ವಂತ ರಿಕ್ಷಾ.

ಅಜ್ಜಿ ಅವ್ವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ನೇವಿಯವರಾ?"

ಹೌದು ಅಂದೆವು. ಅಜ್ಜಿ ಏನೂ ಅನ್ನಲಿಲ್ಲ. ಕುಡಿಯೋಕೆ ನೀರು ಕೊಟ್ಟು, ಆಮೇಲೆ ಹೇಳಿದರು: "ನಮ್ಮ ಮನೆ ಅರಗಾದಲ್ಲಿ ಇತ್ತು. ಈಗ ನಿಮ್ಮ ಗೋಡೆ ಒಳಗೆ."

ಇದು ನನಗೆ ಗೊತ್ತಿರದ ಕತೆ. ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಆದದ್ದು 1986ರಲ್ಲಿ, ಕದಂಬ ನೆಲೆ ಶುರುವಾದದ್ದು 2005ರ ಮೇ 31ಕ್ಕೆ. ನಮ್ಮ ಮನೆಯಲ್ಲಿ ಈ ಎರಡೂ ಇಸವಿ ಹೆಮ್ಮೆಯಿಂದ ಹೇಳೋದು. ಈ ಎರಡರ ನಡುವೆ ಈ ಪಟ್ಟಿಯ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದು ಹೋದವು. ಮೀನುಗಾರರು, ಗದ್ದೆ ಮಾಡೋರು, ತೆಂಗಿನ ತೋಟದವರು. ಹೆಚ್ಚಿನ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಅಜ್ಜಿಯ ಗಂಡ ತೀರಿಕೊಂಡಾಗಲೂ ಕೇಸು ನಡೀತಾ ಇತ್ತಂತೆ.

ಅಪ್ಪ ಎದ್ದು ನಿಂತರು. ಇಲ್ಲಿ ಬೇಡ ಅನ್ನೋದು ಅವರ ಮುಖದಲ್ಲೇ ಕಾಣ್ತಿತ್ತು. ಅವ್ವ ಮಾತ್ರ ಕೂತಲ್ಲೇ ಕೇಳಿದಳು.

"ನಮಗ ಮನಿ ಕೊಡಾಕ ನಿಮಗ ಬ್ಯಾಸರ ಅನಸೂದಿಲ್ಲೇನ್ರಿ?"

"ಇಲ್ಲ ಅಂದ್ರೆ ಸುಳ್ಳಾಗ್ತದೆ ಬಾಯಿ," ಅಂದರು ಅಜ್ಜಿ. "ಆದ್ರೆ ಮನೆ ಖಾಲಿ ಇಟ್ರೆ ಅರಗಾ ವಾಪಸ್ ಬರ್ತದಾ? ಬಾಡಿಗೆ ಏಳೂವರೆ ಸಾವಿರ. ಐದನೇ ತಾರೀಕಿನ ಒಳಗೆ ಕೊಡಬೇಕು."

ಸ್ಕೂಟರಿನ ಹತ್ತಿರ ಅಪ್ಪ-ಅವ್ವನಿಗೆ ಸಣ್ಣ ಜಗಳವೇ ಆಯಿತು. "ದಿನಾ ಅವರ ಮುಖಾ ಹೆಂಗ ನೋಡೂದು?" ಅಂತ ಅಪ್ಪ. ಅವ್ವ ಅಂದಳು, "ಮನಸಿನ್ಯಾಗ ಇದ್ದದ್ದನ್ನ ಮೊದಲನೇ ದಿನಾನ ಮುಖದ ಮ್ಯಾಲ ಹೇಳಿದ್ರಲ್ಲಾ, ಅಂಥವರ ಬಾಗಲಾ ಬಡ್ಯಾಕ ನನಗ ಅಂಜಿಕಿಲ್ಲ." ಜೂನ್ ಒಂದಕ್ಕೆ ಹಾಲು ಉಕ್ಕಿಸಿದೆವು.

ಮೊದಲ ವರ್ಷ ಎಲ್ಲ ಸಲೀಸಾಗಿತ್ತು ಅಂದುಕೊಳ್ಳಬೇಡಿ. ನಮ್ಮ ಹಾವೇರಿಯಲ್ಲಿ ವರ್ಷಪೂರ್ತಿ ಬೀಳೋ ಮಳೆ ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತೆ. ಬಟ್ಟೆ ಒಣಗಲ್ಲ, ರೊಟ್ಟಿ ಹಿಟ್ಟಿಗೆ ಹುಳ. ಅಜ್ಜಿ ಮನೆಯ ಕೊಂಕಣಿ ಅವ್ವನಿಗೆ ಅರ್ಥ ಆಗಲ್ಲ, ನಮ್ಮ "ಹೊಕ್ಕೇನಿ ಬರ್ತೇನಿ" ಅವರಿಗೆ ಅರ್ಥ ಆಗಲ್ಲ. ಓಣಿಯಲ್ಲಿ ಇಬ್ಬರು ಹಿರಿಯರು ಅಪ್ಪನ ಜೊತೆ ಕೊನೆವರೆಗೂ ಮಾತಾಡಲಿಲ್ಲ. ಅಪ್ಪ ಅದಕ್ಕೆ ಯಾವತ್ತೂ ದೂರಲಿಲ್ಲ.

ಒಂದು ಸಂಜೆ ಅಜ್ಜಿ ಅಪ್ಪನಿಗೆ ಕೇಳಿದರು, "ಒಳಗೆ ಮಾವಿನ ಮರ ಏನಾದ್ರೂ ಉಳಿದಿದೆಯಾ? ಬಾವಿ ಪಕ್ಕ ನಮ್ದೊಂದು ಇತ್ತು." ನೆಲೆಯ ಒಳಗಿನ ವಿಷಯ ಅಂದ್ರೆ ನಮ್ಮ ಹತ್ತಿರವೂ ಬಾಯಿ ಬಿಡದ ಮನುಷ್ಯ ಅಪ್ಪ. ಏನೋ ಹೇಳಿ ತಪ್ಪಿಸಿಕೊಂಡರು. ಒಂದು ವಾರ ಬಿಟ್ಟು ತಾವಾಗೇ ಹೋಗಿ ಹೇಳಿದರು, "ಮಾವಿನ ಗಿಡ ಅದಾವ್ರಿ. ನಿಮ್ಮದು ಯಾವುದಂತ ನನಗ ಗೊತ್ತಾಗ್ಲಿಲ್ಲ."

"ಕಾಯಿ ಬಿಟ್ಟಿದ್ವಾ?"

ಅಪ್ಪ ಅದನ್ನ ನೋಡಿರಲಿಲ್ಲ.

ಈಗ 2024ರ ಜುಲೈಗೆ ಬನ್ನಿ. ನಾನು ಇಲ್ಲಿ ಎರಡನೇ ಸೆಮ್. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದ ದಿನಗಳು, ಟಿವಿಯಲ್ಲಿ ನೀವೂ ನೋಡಿರ್ತೀರಿ. ಅಪ್ಪ ಸಮುದ್ರದಲ್ಲಿದ್ದರು. ಒಂದು ರಾತ್ರಿ ಒಂದೂವರೆಗೆ ತಂಗಿಗೆ ಹೊಟ್ಟೆನೋವು ಶುರುವಾಯಿತು. ವಾಂತಿ, ಜ್ವರ, ಬಲಗಡೆ ಮುಟ್ಟಿದರೆ ಚೀರೋದು. ಕರೆಂಟ್ ಇಲ್ಲ. ಇದ್ದ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ.

ಅವ್ವ ಮಳೆಯಲ್ಲಿ ಅಂಗಳ ದಾಟಿ ಬಾಗಿಲು ಬಡಿದಳು.

ಅಜ್ಜಿಯ ಮಗ ಲುಂಗಿಯಲ್ಲೇ ರಿಕ್ಷಾ ತೆಗೆದರು. ರಸ್ತೆ ಮೇಲೆ ನೀರು ನಿಂತಿತ್ತು. ಹುಟ್ಟಿದಾಗಿಂದ ಆ ಪಟ್ಟಿಯಲ್ಲೇ ಇದ್ದ ಮನುಷ್ಯ, ಎಲ್ಲಿ ನೀರು ಮೊಣಕಾಲಿಗೆ ಬರುತ್ತೆ, ಎಲ್ಲಿ ಬರಲ್ಲ ಅಂತ ಕತ್ತಲಲ್ಲೂ ಗೊತ್ತು. ಒಳದಾರಿ ಹಿಡಿದು ಆಸ್ಪತ್ರೆ ಮುಟ್ಟಿಸಿದರು. ಅಜ್ಜಿ ಹಿಂದಿನ ಸೀಟಿನಲ್ಲಿ ತಂಗಿಯ ತಲೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರಂತೆ. ಅಪೆಂಡಿಕ್ಸ್. ಬೆಳಿಗ್ಗೆ ಆಪರೇಷನ್ ಆಯಿತು. ಇನ್ನೂ ತಡ ಮಾಡಿದ್ದರೆ ಒಡೆಯುತ್ತಿತ್ತು ಅಂತ ಡಾಕ್ಟರ್ ಹೇಳಿದರು. ನನಗೆ ಗೊತ್ತಾಗಿದ್ದು ಮರುದಿನ ಮಧ್ಯಾಹ್ನ, ಲ್ಯಾಬ್‌ನಲ್ಲಿದ್ದಾಗ. ಅಪ್ಪನಿಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು.

ಅಪ್ಪ ವಾಪಸ್ ಬಂದ ದಿನ ಅಜ್ಜಿ ಮನೆಗೆ ಹೋಗಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಅವ್ವನೂ ಹೇಳಿಲ್ಲ. ಬಂದವರು ಅಡುಗೆಮನೆಯ ಕತ್ತಲಲ್ಲಿ ಬಹಳ ಹೊತ್ತು ನಿಂತಿದ್ದರು ಅಂತ ಮಾತ್ರ ತಂಗಿ ಹೇಳಿದಳು.

ಅದೇ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು, ಒಂದು ಲಾರಿ ಸಮೇತ. ಚಾಲಕನನ್ನು ಉಳಿಸಿದರು. ಬೆಳಿಗ್ಗೆ ಸುದ್ದಿ ನೋಡಿ ನಾನು ಮನೆಗೆ ಫೋನ್ ಮಾಡಿದೆ. "ಅವ್ವಾ, ಸದಾಶಿವಗಡ ಬ್ಯಾಡ ಅಂದಿದ್ದು ಚಲೋ ಆತು ನೋಡು." ಅವ್ವ ಅದನ್ನ ಒಪ್ಪಲಿಲ್ಲ. "ಸೇತುವಿ ಬೀಳ್ತೈತಿ ಅಂತ ನನಗೇನ್ ಗೊತ್ತಿತ್ತು? ಹೊಸ ಸೇತುವಿ ಐತಿ, ಜನ ದಾಟ್ತಾರ. ನಾ ಬ್ಯಾಡ ಅಂದಿದ್ದು ಬೀಗ ನೋಡಿ."

ಡಿಸೆಂಬರಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಮನೆ ಖಾಲಿ ಮಾಡುವ ದಿನ ಅಜ್ಜಿ ಡಿಪಾಸಿಟ್ ಎಣಿಸಿ ವಾಪಸ್ ಕೊಟ್ಟರು. ಕೊನೆ ತಿಂಗಳ ಕರೆಂಟ್ ಬಿಲ್ ಮಾತ್ರ ಹಿಡಿದುಕೊಂಡರು, ಒಂದು ರೂಪಾಯಿ ಬಿಡಲಿಲ್ಲ. ಅವ್ವನಿಗೆ ಅದು ಭಾಳ ಸೇರಿತು. "ಲೆಕ್ಕ ಲೆಕ್ಕನ" ಅಂತ ನಕ್ಕಳು. ಈಗಲೂ ಬುಧವಾರ ಅಥವಾ ಭಾನುವಾರ ತೋಡೂರಿಗೆ ಹೋಗಿ ಬರ್ತಾಳೆ. ಅರಗಾದ ವಿಷಯ ಅವರಿಬ್ಬರ ನಡುವೆ ಬಗೆಹರಿದಿದೆ ಅಂತ ನಾನು ಹೇಳಲಾರೆ. ಬಗೆಹರಿಸೋದು ಅವರಿಬ್ಬರ ಕೈಯಲ್ಲಿಲ್ಲ.

ಮುಂದಿನ ಸೆಮ್‌ಗೆ ಹಾಸ್ಟೆಲ್ ಬಿಟ್ಟು ರೂಮು ಹುಡುಕೋ ಸೀಸನ್ ಬಂದಿದೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಪಟ್ಟಿ ಹರಿದಾಡ್ತಿದೆ: ಬಾಡಿಗೆ ಎಷ್ಟು, ವೈಫೈ ಸ್ಪೀಡ್ ಎಷ್ಟು, ಗೇಟ್ ಎಷ್ಟಕ್ಕೆ ಹಾಕ್ತಾರೆ, ಗೀಸರ್ ಇದೆಯಾ. ಎಲ್ಲ ಕೇಳಿ, ಕೇಳಲೇಬೇಕು. ನಮ್ಮವ್ವನ ಪ್ರಶ್ನೆಯನ್ನೂ ಒಂದು ಸಲ ಕೇಳ್ಕೊಳ್ಳಿ. ಎಕ್ಸೆಲ್ ಬೇಕಾದವರು ನನಗೆ ಮೆಸೇಜ್ ಮಾಡಿ, ಕಳಿಸ್ತೀನಿ. ಹೊಸ ಕಾಲಮ್ ಒಂದು ಸೇರಿಸಿದ್ದೀನಿ. ಅದಕ್ಕೆ ಎಷ್ಟು ಅಂಕ ಇಡಬೇಕು ಅಂತ ಮಾತ್ರ ನೀವೇ ನೋಡ್ಕೊಳ್ಳಿ.