ಲೋಹಕ್ಕೆ ತಕ್ಕ ಮೂಸೆ

ಹೊಸ ಮೂಸೆ ಕೊಳ್ಳುವ ಮುಂಚೆ ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತೇನೆ. ಗಟ್ಟಿಯಾದದ್ದು ಠಣ್ಣೆನ್ನುತ್ತದೆ, ಕೂದಲೆಳೆಯ ಬಿರುಕಿದ್ದರೂ ಸದ್ದು ಮಂಕು. ಅಂಥದ್ದು ಎಷ್ಟೇ ಅಗ್ಗವಾಗಲಿ, ಬೇಡ. ಸಾವಿರ ಡಿಗ್ರಿ ಮೀರಿ ಕಾದ ಕಂಚನ್ನು ಇಕ್ಕಳದಲ್ಲಿ ಹಿಡಿದು ಅಚ್ಚಿನವರೆಗೆ ನಡೆಯುವಾಗ ನಂಬಬೇಕಾದದ್ದು ಆ ಬೆರಳುದಪ್ಪದ ಗೋಡೆಯನ್ನು.

ಕಂಚು, ಹಿತ್ತಾಳೆಗೆ ನನಗೆ ಜೇಡಿ ಬೆರೆತ ಗ್ರ್ಯಾಫೈಟ್ ಮೂಸೆಯೇ ಸೈ. ಬೇಗ ಕಾಯುತ್ತದೆ. ಹಿತ್ತಾಳೆಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ: ತಾಮ್ರ ಕರಗಲು 1085 ಡಿಗ್ರಿ ಬೇಕು, ಸತು 907ಕ್ಕೇ ಕುದಿಯುತ್ತದೆ. ತಡವಾದಷ್ಟೂ ಸತು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. ಆದರೆ ಪ್ಲಾಟಿನಂಗೆ ಈ ಮೂಸೆ ಕೂಡದು, ಇಂಗಾಲ ತಾಗಿ ಪೆಡಸಾಗುತ್ತದೆ. ಅಲ್ಯೂಮಿನಿಯಂ ಕರಗುವುದು 660ಕ್ಕೆ, ಕಬ್ಬಿಣ 1538ಕ್ಕೆ. ಹಾಗಾಗಿ ಕಬ್ಬಿಣದ ಪಾತ್ರೆಯೇ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕರಗಿದ ಅಲ್ಯೂಮಿನಿಯಂ ಬರಿಯ ಕಬ್ಬಿಣವನ್ನು ಮೆಲ್ಲಗೆ ತಿಂದು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಕಾವು ತಡೆದರಷ್ಟೇ ಸಾಲದು; ಲೋಹಕ್ಕೂ ಮೂಸೆಗೂ ನಡೆಯುವ ಕೊಡುಕೊಳ್ಳುವಿಕೆ ತಿಳಿದಿರಬೇಕು.

ಅದನ್ನು ಬಲ್ಲವರು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಉಕ್ಕು ಮಾಡುತ್ತಿದ್ದ ಕಸುಬಿನವರು. ಅಲ್ಲಿನ ಮೂಸೆಗಳ ಬಗ್ಗೆ ನಮ್ಮ ವಿಜ್ಞಾನ ಲೇಖಕ ಟಿ.ಆರ್. ಅನಂತರಾಮು ಮತ್ತು ಸಂಗಡಿಗರ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಜೇಡಿಗೆ ಆ ಕಸುಬಿನವರು ಭತ್ತದ ಹೊಟ್ಟನ್ನು ಧಾರಾಳವಾಗಿ ಕಲಸುತ್ತಿದ್ದರು. ಕುಲುಮೆಯಲ್ಲಿ ಹೊಟ್ಟು ಕರಕಾಗಿ ಗೋಡೆಯೆಲ್ಲ ಕಪ್ಪಾಗುತ್ತದೆ, ಆ ಇಂಗಾಲ ಒಳಗಿನ ಕಬ್ಬಿಣಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಹೊಟ್ಟಿನಲ್ಲಿರುವ ಸಿಲಿಕಾ ಮಾತ್ರ ಸುಡದೆ ಮಣ್ಣಿನಲ್ಲೇ ಉಳಿಯುತ್ತದೆ. ಗದ್ದೆಯ ಕಸದಿಂದ ಎಂಥ ಗೋಡೆ! ಮೈಸೂರು ಸೀಮೆಯ ಪದ್ಧತಿಯಲ್ಲಿ ಕಬ್ಬಿಣದ ತುಂಡುಗಳ ಜೊತೆ ತಂಗಡಿ ಕಟ್ಟಿಗೆ, ಹಸಿ ಎಲೆ ಇಟ್ಟು ಮಣ್ಣಿನಿಂದ ಬಾಯಿ ಮುಚ್ಚುತ್ತಿದ್ದರು. ಕಟ್ಟಿಗೆಯ ಇಂಗಾಲವನ್ನು ಹೀರುತ್ತ ಹೋದಂತೆ ಕಬ್ಬಿಣದ ಕರಗುವ ಕಾವು ಇಳಿಯುತ್ತದೆ. ಒಳಗೆ ಉಕ್ಕು ಕೂಡುತ್ತದೆ. ಪ್ಲಾಟಿನಂ ಎರೆಯುವವನು ಹೆದರುವ ಇಂಗಾಲವೇ ಅವರಿಗೆ ಬೇಕಾಗಿದ್ದ ಸರಕು.

ಆರಿದ ಮೇಲೆ ಮೂಸೆ ಒಡೆದು ಗಟ್ಟಿ ತೆಗೆಯುತ್ತಿದ್ದರು. ಒಂದೇ ಸಲದ ಬಳಕೆಗೆ ಅಷ್ಟು ಮುತುವರ್ಜಿ! ನನ್ನ ಗ್ರ್ಯಾಫೈಟ್ ಮೂಸೆ ಹಲವು ಎರಕಕ್ಕೆ ಬಾಳಬೇಕು. ಅದಕ್ಕೆಂದೇ ಮೊದಲ ಸಲ ಬರಿದಾಗಿಯೇ ಸಣ್ಣ ಉರಿಯಲ್ಲಿ ಕಾಯಿಸಿ ತೇವ ಹೋಗಿಸುತ್ತೇನೆ, ತಳದಲ್ಲಿ ಲೋಹ ಉಳಿಸಿ ಆರಲು ಬಿಡುವುದಿಲ್ಲ. ಬಿಟ್ಟರೆ ಮುಂದಿನ ಕಾವಿಗೆ ಆ ಗಟ್ಟಿ ಹಿಗ್ಗಿ ಮೂಸೆಯನ್ನು ಸೀಳುತ್ತದೆ. ಕಂಚಿನದು ಕಂಚಿಗೆ, ಹಿತ್ತಾಳೆಯದು ಹಿತ್ತಾಳೆಗೆ, ಅದಲುಬದಲು ಇಲ್ಲ.